ಹಂಚಿನಾಳ ಸರ್ ಮತ್ತು ನಾನು ಮುಚ್ಚಿಟ್ಟ ಬೆಸುಗೆ

ಹಂಚಿನಾಳ ಸರ್ ತೀರಿಕೊಂಡ ಎರಡು ವಾರಕ್ಕೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡುವವರ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು: ರೆಹಾನಾ ನದಾಫ, ನಿವೃತ್ತ ಪ್ರಯೋಗಶಾಲಾ ಸಹಾಯಕಿ. ಎರಡು ನಿಮಿಷ ಕೊಡುತ್ತೇವೆ ಎಂದಿದ್ದರು. ನನಗಿಂತ ಮೊದಲು ಒಂಬತ್ತು ಮಂದಿ ಮಾತಾಡಿದರು. ಅಷ್ಟರಲ್ಲಿ ಮುಂದಿನ ಕಾರ್ಯಕ್ರಮಕ್ಕೆ ಸಭಾಭವನ ಬಿಟ್ಟುಕೊಡುವ ಹೊತ್ತಾಯಿತು. ನಿರೂಪಣೆ ಮಾಡುತ್ತಿದ್ದವರು ನನ್ನ ಕಡೆ ನೋಡಿ ಕೈಮುಗಿದರು. ನಾನೂ ಕೈಮುಗಿದೆ.

ಆ ಒಂಬತ್ತು ಮಂದಿಯೂ ಸರ್ ಶಾಂತಮೂರ್ತಿ, ಯಾರಿಗೂ ಒಂದು ಗಡಸು ಮಾತು ಆಡಿದವರಲ್ಲ ಎಂದರು. ಕೊನೆಯ ಸಾಲಿನಲ್ಲಿ ಕೂತಿದ್ದ ನನಗೆ, ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ ಎನ್ನಿಸಿತು. ನನಗೆ ಗೊತ್ತಿದ್ದ ಹಂಚಿನಾಳ ಸರ್ ಸಿಟ್ಟಿನ ಮನುಷ್ಯ. ಸೇರಿದ ಮೂರನೆಯ ವಾರದಲ್ಲೇ ನನ್ನನ್ನು ಅಳಿಸಿದವರು. ಅವರ ಮೇಲೆ ನನಗಿರುವ ಪ್ರೀತಿ ಸಿಹಿ ಮಾತಿನಿಂದ ಹುಟ್ಟಿದ್ದಲ್ಲ. ಹುಟ್ಟಿದ್ದು ಹೇಗೆ ಎಂಬುದನ್ನು ಎರಡು ನಿಮಿಷದಲ್ಲಿ ಹೇಳಲಿಕ್ಕೂ ಆಗುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಈಗ ಭೌತಶಾಸ್ತ್ರದ ಲ್ಯಾಬುಗಳಿಗೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಲಿ ಎಂಬುದು ನನ್ನ ಆಸೆ. ನಮ್ಮ ಕೆಲಸವನ್ನು ಗಾಜು ಒರೆಸುವ ಕೆಲಸ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಸೇರಿದ್ದೆ.

ನನ್ನ ತವರು ಹಳೇ ಹುಬ್ಬಳ್ಳಿ. ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ನೀರೆತ್ತುವ ಪಂಪು ಬಿಚ್ಚಿ, ಒಳಗಿನ ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು. ಗಂಡುಮಕ್ಕಳಿಲ್ಲದ ಅಪ್ಪ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಪಿಯುಸಿ ಮುಗಿಸಿ, ಮದುವೆಯಾಗಿ, ಮಗನಿಗೆ ಎರಡು ವರ್ಷವಾದಾಗ ಧಾರವಾಡದ ಕಾಲೇಜೊಂದರಲ್ಲಿ ಲ್ಯಾಬಿಗೆ ಆಳು ಬೇಕೆಂಬ ಸುದ್ದಿ ಬಂತು. ನಮ್ಮವರು ಅಮರಗೋಳದ ಮಾರುಕಟ್ಟೆಯಲ್ಲಿ ಟೆಂಪೋ ಓಡಿಸುತ್ತಿದ್ದರು. “ಹೋಗಿ ಬಾ, ನೋಡೂಣು” ಅಂದರು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ಪ್ರಿನ್ಸಿಪಾಲರು ನನ್ನ ಅರ್ಜಿ ನೋಡಿ, “ಹೆಣ್ಣುಮಗಳು. ಬ್ಯಾಟರಿ ಎತ್ತೂದು ಆದೀತೇನು?” ಎಂದು ಪಕ್ಕದವರನ್ನು ಕೇಳಿದರು. ನನ್ನನ್ನು ಕೇಳಲಿಲ್ಲ. ಪಕ್ಕದಲ್ಲಿ ಬಿಳಿ ಅಂಗಿಯ, ಎತ್ತರದ, ಮೀಸೆ ಇಲ್ಲದ ಮನುಷ್ಯ ಕೂತಿದ್ದರು. ಅವರೇ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಗುರುಪಾದಪ್ಪ ಹಂಚಿನಾಳ. ಶಿರಗುಪ್ಪಿಯ ಹತ್ತಿ ಬೆಳೆಯುವ ಮನೆತನದವರು. ಅವರು ಉತ್ತರ ಕೊಡದೆ ಒಂದು ಮರದ ಗಾಲಿಯನ್ನೂ ತಾಮ್ರದ ತಂತಿಯ ಸುರುಳಿಯನ್ನೂ ನನ್ನ ಮುಂದಿಟ್ಟರು.

“ಐವತ್ತು ಸುತ್ತು ಹಾಕ್ರಿ ಬಾಯಾರ.”

ನಾನು ಸುತ್ತುತ್ತ ಹೋದೆ. ಉಳಿದ ಇಬ್ಬರು ಊರು, ಗಂಡನ ಕೆಲಸ, ಬಸ್ಸಿನ ವೇಳೆ ಎಲ್ಲ ಕೇಳುತ್ತ ಹೋದರು. ಮುಗಿಸಿ ಗಾಲಿ ಕೊಡುವಾಗ ಹೇಳಿದೆ: “ಐವತ್ತೊಂದು ಆಗ್ಯಾವ್ರಿ. ಮಾತಾಡ್ಕೋತ ಒಂದು ಹೆಚ್ಚು ಬಿತ್ತು. ಬಿಚ್ಚಲೇನ್ರಿ?”

ಅವರು ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ಗಾಲಿ ತೆಗೆದುಕೊಂಡು, ಪ್ರಿನ್ಸಿಪಾಲರು ಕಾಯುತ್ತಿದ್ದರೂ ಲೆಕ್ಕಿಸದೆ, ಪೂರಾ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿ ಎಣಿಸಿದರು.

“ಐವತ್ತೊಂದ ಅದಾವ,” ಅಂದರು. “ಇವರು ಸಾಕು.”

ತಾತ್ಕಾಲಿಕ ನೇಮಕಾತಿ. ಆರು ತಿಂಗಳಿಗೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸರ್ ನನ್ನನ್ನು ಮೊದಲ ದಿನದಿಂದ ‘ನದಾಫ ಬಾಯಾರ’ ಎಂದೇ ಕರೆದರು. ಕಾಲೇಜಿನಲ್ಲಿ ಉಳಿದವರೆಲ್ಲ ಆಳುಗಳನ್ನು ಏಕವಚನದಲ್ಲಿ ಕರೆಯುತ್ತಿದ್ದ ಕಾಲ ಅದು.

ಮೂರನೆಯ ವಾರ ಏನಾಯಿತೆಂದರೆ, ಸೂಕ್ಷ್ಮದರ್ಶಕದ ಮಸೂರದ ಮೇಲೆ ಧೂಳು ಕಂಡು ಸೀರೆಯ ಸೆರಗಿನಿಂದ ಒರೆಸಿದೆ. ಸರ್ ಬಾಗಿಲಲ್ಲಿ ನಿಂತು ನೋಡಿದರು. ಆ ಕೂಗು ಮೇಲಿನ ಮಹಡಿಯ ರಸಾಯನಶಾಸ್ತ್ರದವರಿಗೂ ಕೇಳಿಸಿತಂತೆ. “ಅದು ಗಾಜು, ಪಾತ್ರೆ ಅಲ್ಲ! ಸೆರಗಿನ ಜರಿ ತಾಗಿ ಗೀರು ಬಿದ್ರ ಮುಂದ ಹತ್ತು ವರ್ಷ ಬರೂ ಹುಡುಗ್ರೆಲ್ಲ ಆ ಗೀರಿನ್ಯಾಗಿಂದ ನೋಡಬೇಕು!” ನಾನು ಬಸ್ಸಿನಲ್ಲಿ ಸತ್ತೂರು ದಾಟುವವರೆಗೆ ಅತ್ತೆ. ನಾಳೆಯಿಂದ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಆದರೂ ಮರುದಿನ ಹೋದೆ. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಒಳಗೆ ಸರ್ ಮನೆಯವರ ಹಳೆಯ ಹತ್ತಿ ಸೀರೆಯನ್ನು ಅಂಗೈಯಗಲ ಕತ್ತರಿಸಿ, ಒಗೆದು, ಮಡಿಸಿಟ್ಟ ತುಂಡುಗಳು.

“ನಿನ್ನಿ ಒದರಿದ್ದು ಲೆನ್ಸಿನ ಸಂಬಂಧ,” ಅಂದರು. “ನಿಮ್ಮ ಸಂಬಂಧ ಅಲ್ಲ. ಇಷ್ಟ ತಿಳ್ಕೋರಿ ಸಾಕು.”

ಅದು ಕ್ಷಮೆಯೋ ಮತ್ತೊಂದು ಬೈಗುಳವೋ ತಿಳಿಯಲಿಲ್ಲ. ಆದರೆ ಅವತ್ತಿನಿಂದ ಅವರ ಸಿಟ್ಟಿನ ದಿಕ್ಕು ನನಗೆ ಗೊತ್ತಾಯಿತು.

ಕೆಲಸ ಕಲಿಸುವುದರಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಪ್ರಯೋಗ ಯಾಕೆ ಮಾಡುತ್ತಾರೆ, ಯಾವ ಭಾಗ ಕೆಟ್ಟರೆ ಉತ್ತರ ಎತ್ತ ವಾಲುತ್ತದೆ, ಎಲ್ಲ ಹೇಳಿದರು. ವಿದ್ಯಾರ್ಥಿಗಳು ಬರುವ ಅರ್ಧ ತಾಸು ಮೊದಲು ನಾನೇ ಪ್ರತಿ ಮೇಜಿನ ಪ್ರಯೋಗವನ್ನು ಒಮ್ಮೆ ಮಾಡಿ ನೋಡಬೇಕು ಎಂಬುದು ಅವರ ನಿಯಮ. ವಸ್ತು ಹೊರಗಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವ ಸಹಾಯಕರನ್ನು ನಾನು ಆಮೇಲೆ ಬಹಳ ಕಂಡೆ. ಆ ನಿಯಮವನ್ನು ಒಂದೇ ಒಂದು ಸಲ ನಾನು ಮುರಿದೆ. ಅದನ್ನು ಈಗ ಹೇಳಬೇಕು.

ಮೀಟರ್ ಬ್ರಿಜ್ಜು ಎಂಬ ಸಾಧನ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉದ್ದನೆಯ ಮರದ ಹಲಗೆಯ ಮೇಲೆ ಒಂದು ಮೀಟರ್ ತಂತಿ ಬಿಗಿದಿರುತ್ತದೆ. ಇನ್ನೊಂದು ತಂತಿ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಅದರ ಸಹಾಯದಿಂದ ಅಳೆಯುತ್ತಾರೆ. ಬಿಗಿದ ತಂತಿ ಈ ತುದಿಯಿಂದ ಆ ತುದಿವರೆಗೆ ಒಂದೇ ದಪ್ಪ ಇರಬೇಕು. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ನನ್ನ ಎರಡನೆಯ ವರ್ಷ, ವಾರ್ಷಿಕ ಪ್ರಾಯೋಗಿಕ ಪರೀಕ್ಷೆಗೆ ಹದಿನೈದು ದಿನ ಇರುವಾಗ, ಒಂದು ಬ್ರಿಜ್ಜಿನ ತಂತಿ ಎಪ್ಪತ್ತು ಸೆಂಟಿಮೀಟರಿನ ಹತ್ತಿರ ನನ್ನ ಕೈಯಲ್ಲೇ ಹರಿಯಿತು. ಸರ್ ಬೇರೆ ಊರಿಗೆ ಪರೀಕ್ಷಕರಾಗಿ ಹೋಗಿದ್ದರು. ಹೊಸ ತಂತಿ ಕಪಾಟಿನಲ್ಲಿ ಇರಲಿಲ್ಲ, ತರಿಸಿದರೆ ತಿಂಗಳಾಗುತ್ತದೆ. ತಾತ್ಕಾಲಿಕ ಕೆಲಸದವಳು ಸಾಮಾನು ಮುರಿದಳು ಎಂದಾಗುತ್ತದಲ್ಲ ಎಂಬ ಭಯ ನನಗೆ. ಆ ಭಾನುವಾರ ಅಪ್ಪನ ಅಂಗಡಿಗೆ ಹೋದೆ. ಅದೇ ಬಣ್ಣದ ತಂತಿಯ ತುಂಡು ಸಿಕ್ಕಿತು. ದಪ್ಪ ಕೂದಲೆಳೆಯಷ್ಟು ಕಡಿಮೆ. ಬೆಸೆದು, ಅರದಿಂದ ಉಜ್ಜಿ, ಉಗುರಿಗೂ ತಾಗದಂತೆ ನುಣ್ಣಗೆ ಮಾಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, “ಎಲ್ಲಿ ಜೋಡಿಸಿದೀ ಮಗಳ, ಕಾಣವಲ್ದು” ಅಂದ. ನನಗೆ ಹೆಮ್ಮೆಯಾಯಿತು. ಆ ಬ್ರಿಜ್ಜಿನ ಮೇಲೆ ಪ್ರಯೋಗ ಮಾಡಿ ನೋಡಲಿಲ್ಲ. ಯಾರಿಗೂ ಹೇಳಲಿಲ್ಲ.

ಪರೀಕ್ಷೆ ಮೂರು ತಂಡಗಳಲ್ಲಿ ನಡೆಯಿತು. ಆ ಬ್ರಿಜ್ಜು ಮೊದಲ ತಂಡದಲ್ಲಿ ಒಬ್ಬ ಹುಡುಗನಿಗೆ, ಎರಡನೆಯದರಲ್ಲಿ ಮತ್ತೊಬ್ಬನಿಗೆ ಬಂತು. ಇಬ್ಬರೂ ಬರೆದ ಉತ್ತರ ಸರಿಯಾಗಿತ್ತು. ನಾನು ನಿಟ್ಟುಸಿರು ಬಿಟ್ಟೆ. ಮರುದಿನ ಬೆಳಿಗ್ಗೆ ಮೂರನೆಯ ತಂಡದಲ್ಲಿ ಅದೇ ಮೇಜಿಗೆ ನೀಲಾ ಎಂಬ ಹುಡುಗಿ ಬಂದು ನಿಂತಳು. ನವಲಗುಂದದ ಕಡೆಯ ಒಕ್ಕಲುತನದ ಮನೆಯವಳು, ಸಾಧಾರಣ ವಿದ್ಯಾರ್ಥಿನಿ, ಮಾತು ಕಡಿಮೆ. ಅವಳು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಿದ್ದಳು. ಪ್ರತಿ ಸಲ ಉತ್ತರ ಬೇರೆ. ಕಾಗದದ ಮೇಲೆ ಹೊಡೆದುಹಾಕುವುದು, ಮತ್ತೆ ಬರೆಯುವುದು. ಹಣೆಯಿಂದ ಬೆವರು ಇಳಿಯುತ್ತಿತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳ ಮುಂದೆ ನಿಂತರು.

“ಇದ ಬ್ರಿಜ್ಜಿನ ಮ್ಯಾಲ ನಿನ್ನಿ ಇಬ್ಬರಿಗೆ ಸರಿ ಬಂದೈತಿ. ನಿನಗ ಯಾಕ ಬರಲಿಲ್ಲ?”

“ಗೊತ್ತಿಲ್ರಿ ಸರ. ನಾಕು ಸಲ ಮಾಡೇನಿ. ಬಂದದ್ದ ಬರದೇನಿ.”

“ಪ್ರಯೋಗನ ಬಂದಿಲ್ಲ ನಿನಗ. ಇದಕ್ಕ ಸೊನ್ನಿ ಹಾಕಬೇಕಾಗ್ತೈತಿ, ತಿಳೀತಿಲ್ಲ?”

ನೀಲಾ ತಲೆ ತಗ್ಗಿಸಿದಳು. ಅಳಲಿಲ್ಲ. ಕಾಗದದ ಮೇಲಿನ ಅಂಕಿಗಳನ್ನು ಬೆರಳಿನಿಂದ ಮುಚ್ಚಿಕೊಂಡಳು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ.

ನಾನು ಕಿಟಕಿಯ ಹತ್ತಿರ ನೀರಿನ ಹೂಜಿ ಹಿಡಿದು ನಿಂತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ ಎಂಬುದು ಖಚಿತವಿತ್ತು. ಹೇಳದಿದ್ದರೆ ಈ ಹುಡುಗಿ ನಪಾಸಾಗುತ್ತಾಳೆ. ಆ ಮನೆಯವರು ಅವಳನ್ನು ಇನ್ನೊಂದು ವರ್ಷ ಓದಿಸುವವರಲ್ಲ. ಆಗ ನನ್ನ ಮನಸ್ಸಿಗೆ ಬಂದದ್ದು ದೊಡ್ಡ ಧರ್ಮದ ವಿಚಾರವೇನಲ್ಲ. ಅವಳ ಬೆರಳ ಕೆಳಗಿನ ಅಂಕಿಗಳು ನನ್ನ ತಂತಿಯ ಬಗ್ಗೆ ಸತ್ಯ ಹೇಳುತ್ತಿದ್ದವು, ಅಷ್ಟೇ. ಹೂಜಿ ಕೆಳಗಿಟ್ಟೆ.

“ಸರ,” ಎಂದು ಹಂಚಿನಾಳ ಸರ್ ಅವರನ್ನು ಕರೆದೆ. “ಆ ತಂತಿ ಸರಿ ಇಲ್ರಿ. ಹರದಿತ್ತು. ನಾನ ಬ್ಯಾರೆ ತುಂಡು ಬೆಸದೇನಿ. ನಿಮಗ ಹೇಳಿಲ್ಲ.”

ಸರ್ ಬಂದು ತಂತಿಯ ಮೇಲೆ ಬೆರಳು ಓಡಿಸಿದರು. ಬೆಸುಗೆ ಸಿಗಲಿಲ್ಲ. ಕಪಾಟಿನಿಂದ ಸ್ಕ್ರೂ ಗೇಜ್, ಅಂದರೆ ತಂತಿಯ ದಪ್ಪ ಅಳೆಯುವ ಪುಟ್ಟ ಸಾಧನ ತಂದರು. ತಾವು ಅಳೆಯಲಿಲ್ಲ, ನೀಲಾಳ ಕೈಗೆ ಕೊಟ್ಟರು.

“ಇಪ್ಪತ್ತರ ಹತ್ರ ಅಳಿ. ಎಂಬತ್ತರ ಹತ್ರ ಅಳಿ. ಎರಡೂ ದೊಡ್ಡ ದನಿಲೇ ಓದು.”

ಅವಳು ಅಳೆದು ಓದಿದಳು. ಎರಡೂ ಬೇರೆ ಬೇರೆ.

ಸರ್ ಪರೀಕ್ಷಕರ ಕಡೆ ತಿರುಗಿದರು. “ಈ ಹುಡುಗಿ ಅಳತಿ ಖರೇ ಅದ. ಅಂದ್ರ ನಿನ್ನಿ ಇಬ್ಬರದು ಖರೇ ಇರೂದು ಸಾಧ್ಯ ಇಲ್ಲ. ಅವರು ವರ್ಷಗಟ್ಟಲೆ ಅಳಿಯಾಕ ಕೊಟ್ಟ ಅದ ತಂತಿ ಅಳದ ಅಳದ ಉತ್ತರ ಬಾಯಿಪಾಠ ಮಾಡ್ಯಾರ. ಉತ್ತರ ಬರದು, ಹಿಂದಿನ ಅಂಕಿ ಕೂಡಿಸ್ಯಾರ. ಮೂರೂ ಮಂದಿಗೆ ಬ್ಯಾರೆ ಬ್ರಿಜ್ಜಿನ ಮ್ಯಾಲ ಮತ್ತ ಪರೀಕ್ಷಾ ಆಗಬೇಕು.”

ಆ ಪರೀಕ್ಷಕರ ದೊಡ್ಡತನವನ್ನೂ ಹೇಳಬೇಕು. ಅವರು ತಾವೇ ಸ್ಕ್ರೂ ಗೇಜಿನಿಂದ ಅಳೆದು ನೋಡಿ, “ಆಗಬೇಕು” ಅಂದರು. ನೀಲಾಳಿಗೆ, “ನನ್ನ ಮಾತು ತಪ್ಪಾತು ತಂಗಿ” ಎಂದೂ ಅಂದರು.

ಕಷ್ಟ ಶುರುವಾದದ್ದು ಮರುದಿನ. ಆ ಇಬ್ಬರಲ್ಲಿ ಒಬ್ಬ ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗ. ಪ್ರಿನ್ಸಿಪಾಲರ ಕೋಣೆಗೆ ಸರ್ ಅವರನ್ನೂ ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಕಾಗದವಿತ್ತು. ತಂತಿ ಹರಿದದ್ದು ಎರಡನೆಯ ತಂಡದ ಪರೀಕ್ಷೆ ಮುಗಿದ ಮೇಲೆ, ಸಹಾಯಕಿಯ ಅಜಾಗರೂಕತೆಯಿಂದ ಎಂದು ಅದರಲ್ಲಿ ಬರೆದಿತ್ತು. ಹಾಗಾದರೆ ಮೊದಲ ಇಬ್ಬರ ಪರೀಕ್ಷೆ ಸರಿ, ಮೂರನೆಯವಳಿಗೆ ಮಾತ್ರ ಮತ್ತೊಮ್ಮೆ ಅವಕಾಶ, ನಾನು ಮನೆಗೆ.

“ಸಹಿ ಮಾಡ್ರಿ ಹಂಚಿನಾಳ,” ಪ್ರಿನ್ಸಿಪಾಲರು ಅಂದರು. “ಯಾರಿಗೂ ತ್ರಾಸಿಲ್ಲ. ಟೆಂಪರರಿ ಬಾಯಿನ ತಗದರ ಮುಗೀತು.”

ಸರ್ ಕಾಗದವನ್ನು ಪೂರಾ ಓದಿದರು. “ತಂತಿ ಹರದು ಹದಿನೈದು ದಿವಸ ಆತು. ಬ್ಯಾರೆ ದಿನ ನಾ ಬರಿಯೂದಿಲ್ಲ.”

“ನಿಮಗ ಇನ್ನೂ ಎಷ್ಟು ವರ್ಷ ಸರ್ವಿಸ್ ಅದ, ವಿಚಾರ ಮಾಡ್ರಿ.”

“ವಿಚಾರ ಮಾಡೇನ್ರಿ. ಲ್ಯಾಬಿನ ಸಾಮಾನು ನನ್ನ ಸಹಿ ಮ್ಯಾಲ ಅದಾವ. ತಪ್ಪಿಗೆ ಮೆಮೋ ಕೊಡೂದಾದ್ರ ನನಗ ಕೊಡ್ರಿ. ಇವರು ತಾವಾಗೇ ಹೇಳ್ಯಾರ. ಹೇಳಿದವರನ್ನ ತಗದು ಹಾಕಿದ್ರ ನಾಳಿಗೆ ನನ್ನ ಲ್ಯಾಬಿನ್ಯಾಗ ಯಾರೂ ಏನೂ ಹೇಳೂದಿಲ್ಲ.”

ಮೂವರಿಗೂ ಮತ್ತೆ ಪರೀಕ್ಷೆ ಆಯಿತು. ನೀಲಾ ಪಾಸಾದಳು. ಅವಳು ಭೌತಶಾಸ್ತ್ರವನ್ನು ಮುಂದುವರಿಸಲಿಲ್ಲ. ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಮಂಡಳಿಯ ಸದಸ್ಯರ ಮಗ ಆ ಸಲ ನಪಾಸಾದ. ಸರ್ ಅವರಿಗೆ ಮೆಮೋ ಬಂತು. ಮರುವರ್ಷ ವಿಭಾಗದ ಮುಖ್ಯಸ್ಥ ಸ್ಥಾನದಿಂದ ಇಳಿಸಿ, ಅವರ ಕೈಯಲ್ಲೇ ಕಲಿತಿದ್ದ ಅಧ್ಯಾಪಕರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ನಿವೃತ್ತಿಯವರೆಗೆ ಸರ್ ತಮ್ಮ ವಿದ್ಯಾರ್ಥಿಯ ಕೆಳಗೇ ಕೆಲಸ ಮಾಡಿದರು. ರಜೆ ಬೇಕಾದರೆ ಅವರ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದರು, ಅವರನ್ನು ‘ಸರ’ ಎಂದೇ ಕರೆಯುತ್ತಿದ್ದರು. ಆ ಅಧ್ಯಾಪಕರಿಗೇ ಮುಜುಗರವಾಗಿ ಎದ್ದು ನಿಂತುಬಿಡುತ್ತಿದ್ದರು.

ಸರ್ ನನ್ನನ್ನು ಉಳಿಸಿದರು ನಿಜ. ಆದರೆ ಬಿಡಲಿಲ್ಲ. ಪ್ರಿನ್ಸಿಪಾಲರ ಕೋಣೆಯಿಂದ ಹೊರಬಂದು ಮೆಟ್ಟಿಲ ಮೇಲೆ ನಿಂತು ಹೇಳಿದರು: “ನದಾಫ ಬಾಯಾರ, ತಂತಿ ಹರಿಯೂದು ತಪ್ಪಲ್ಲ, ಅದು ಹರಿತೈತಿ. ನಿಮ್ಮ ಬೆಸುಗಿ ನನ್ನ ಕೈಗೂ ಸಿಗಲಿಲ್ಲಲ್ಲ, ಅದು ತಪ್ಪು. ರಿಪೇರಿ ಮಾಡಿದ್ದು ಎಲ್ಲರಿಗೂ ಕಾಣಬೇಕು.” ಅದಾದ ಮೇಲೆ ಒಂದು ತಿಂಗಳು ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಆ ತಿಂಗಳು ನನಗೆ ಮೆಮೋಗಿಂತ ಭಾರವಾಗಿತ್ತು. ಆಮೇಲೆ ಒಂದು ದಿನ, ಏನೂ ಆಗದವರಂತೆ, “ಮಗನ್ನ ಸಾಲಿಗೆ ಹಾಕಿದ್ರೇನು?” ಎಂದು ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಅತ್ತುಬಿಟ್ಟೆ. “ಯಾಕ, ಸಾಲಿ ಛಲೋ ಇಲ್ಲೇನು?” ಅಂದರು.

ಹೊಸಬರಿಗೆ ನನ್ನ ಬುದ್ಧಿಮಾತು ಒಂದೇ. ಜೋಡಿಸಿದ ಜಾಗಕ್ಕೆ ಕೆಂಪು ದಾರ ಕಟ್ಟಿ. ನಾನು ಕೊನೆಯವರೆಗೂ ಕಟ್ಟಿದೆ. ನನ್ನ ಲ್ಯಾಬು ನೋಡಲು ಬಂದವರು, ಇದೇನು, ಉಪಕರಣಗಳಿಗೆ ಹರಕೆ ಹೊತ್ತಿದ್ದೀರೇನು ಎಂದು ನಗುತ್ತಿದ್ದರು. ಇನ್ನೊಂದು ಸಂಗತಿ: ಆ ನಪಾಸಾದ ಹುಡುಗ ಮುಂದೆ ದೊಡ್ಡವನಾಗಿ, ತನ್ನ ಮಗಳನ್ನು ಕೈಹಿಡಿದು ಸರ್ ಮನೆಗೇ ಕರೆತಂದ. “ನಿಮ್ಮ ಹತ್ರನ ಕಲೀಲಿ ಸರ” ಅಂದನಂತೆ. ಸರ್ ಎರಡು ವರ್ಷ ಅವಳಿಗೆ ಕಲಿಸಿದರು.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಬದಲಾಯಿತು. ನಾನು ಸೇರಿದಾಗ ಆಸಿಡ್ ತುಂಬಿದ ಬ್ಯಾಟರಿಗಳು; ನನ್ನ ಸೀರೆಗಳಲ್ಲೆಲ್ಲ ತೂತು. ಆಮೇಲೆ ಗೋಡೆಯ ಪ್ಲಗ್ಗಿಗೇ ಚುಚ್ಚುವ ಪೆಟ್ಟಿಗೆಗಳು ಬಂದವು, ಸೀರೆಗಳು ಉಳಿದವು. ಮುಳ್ಳಿನ ಮೀಟರು ಹೋಗಿ ಅಂಕಿ ತೋರಿಸುವ ಮೀಟರು ಬಂತು. ಸರ್ ಅದನ್ನು ದ್ವೇಷಿಸುತ್ತಿದ್ದರು ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಸುಳ್ಳು. ಮೊದಲ ಡಿಜಿಟಲ್ ಮೀಟರು ಬಂದಾಗ ಅದನ್ನು ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡು ಊಟ ಮರೆತವರು ಅವರು. ಅವರ ತಕರಾರು ಒಂದೇ ಇತ್ತು: ಅಂಕಿ ಓದುವುದು ಸುಲಭವಾದಷ್ಟೂ ಅದನ್ನು ನಂಬುವುದೂ ಸುಲಭವಾಗುತ್ತದೆ. ಕೊನೆಕೊನೆಗೆ ಹುಡುಗರು ಒಬ್ಬನ ಅಂಕಿಯ ಫೋಟೋ ತೆಗೆದು ಇಡೀ ತರಗತಿಗೆ ಕಳಿಸತೊಡಗಿದರು. ಹಾಗಾಗಿ ನಾನು ಪ್ರತಿ ಮೇಜಿನಲ್ಲಿ ಅಳೆಯಲು ಕೊಡುವ ತಂತಿಯ ಉದ್ದವನ್ನು ವಾರಕ್ಕೊಮ್ಮೆ ಬದಲಿಸಲು ಕಲಿತೆ. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನಿವೃತ್ತರಾಗಿದ್ದ ಸರ್ ಅವರಿಗೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಬೇರೆ ಯಾವಾಗಲೂ ಕೇಳಿಲ್ಲ.

ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಸರ್ ಅವರನ್ನು ಸತ್ತೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದು ಅವರ ಮನೆಯವರು ಗಂಗಕ್ಕ ಫೋನ್ ಮಾಡಿದರು. ಮಧ್ಯಾಹ್ನ ಹೋದೆ. ಎತ್ತರದ ಮನುಷ್ಯ ಹಾಸಿಗೆಯಲ್ಲಿ ಅರ್ಧವಾಗಿದ್ದರು. ಕೈಗೆ ಸಲೈನ್ ಹಚ್ಚಿತ್ತು. ನನ್ನನ್ನು ನೋಡಿ, ಹೇಗಿದ್ದೀರಿ ಎಂದು ಕೇಳಲಿಲ್ಲ.

“ನದಾಫ ಬಾಯಾರ, ನಾ ಹನಿ ಎಣಿಸೇನಿ. ಈ ಬಾಟ್ಲಿ ಮುಗಿಯಾಕ ಇನ್ನೂ ಎರಡೂವರಿ ತಾಸು ಬೇಕು. ಅಲ್ಲೀತನಾ ಇಲ್ಲಿ ಯಾರೂ ಕುಂಡ್ರೂದು ಬೇಕಾಗಿಲ್ಲ. ಈಕಿ ಮುಂಜಾನಿಂದ ಏನೂ ತಿಂದಿಲ್ಲ. ಕರಕೊಂಡು ಹೋಗಿ ಏನರ ತಿನಸ್ರಿ.”

ಗಂಗಕ್ಕ, “ಇವರ ಲೆಕ್ಕ ಇನ್ನೂ ಮುಗಿದಿಲ್ಲ ನೋಡ್ರಿ” ಎಂದು ಕಣ್ಣೊರೆಸಿಕೊಂಡರು. ಕೆಳಗೆ ಕ್ಯಾಂಟೀನಿನಲ್ಲಿ ಇಬ್ಬರೂ ಇಡ್ಲಿ ತಿಂದು ಬಂದೆವು. ಬಾಟ್ಲಿ ಅವರು ಹೇಳಿದ ಹೊತ್ತಿಗೇ ಮುಗಿಯಿತು.

ಹೊರಡುವಾಗ ಸರ್ ದನಿ ತಗ್ಗಿಸಿ ಹೇಳಿದರು: “ಲ್ಯಾಬು ತಗೀತಾರಂತ. ಎಲ್ಲಾ ಕಂಪ್ಯೂಟರಿನ ಮ್ಯಾಲ ಮಾಡ್ತಾರಂತ. ಮಾಡ್ಲಿ, ಅದೂ ಬೇಕು. ಆದ್ರ ಸಾಮಾನೆಲ್ಲ ಗುಜರಿಗೆ ಅಂತ. ಕೆಟ್ಟದ್ದು ಹಾಕ್ಲಿ. ಕೆಡಲಾರದ್ದು ಯಾಕ ಹಾಕಬೇಕು? ಯಾವುದು ಕೆಟ್ಟೈತಿ ಅಂತ ಯಾರರ ನೋಡಬೇಕಲ್ಲ.”

“ನಾ ನೋಡ್ತೇನ್ರಿ ಸರ.”

“ಹಂಗಾರ ಛಲೋ ಆತು,” ಎಂದು ಕಣ್ಣು ಮುಚ್ಚಿದರು. ನಾಲ್ಕನೆಯ ದಿನ ತೀರಿಕೊಂಡರು. ಶಿರಗುಪ್ಪಿಯ ಅವರ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕಪ್ಪು ಮಣ್ಣು, ಬೆರಳಿಗೆ ಅಂಟಿಕೊಂಡದ್ದು ಬೇಗ ಬಿಡಲಿಲ್ಲ.

ಶ್ರದ್ಧಾಂಜಲಿ ಸಭೆ ಮುಗಿದ ಮರುದಿನ ಪ್ರಿನ್ಸಿಪಾಲರನ್ನು ನೋಡಲು ಹೋದೆ. ಈಗಿನವರು ವಾಣಿಜ್ಯ ವಿಷಯದವರು, ಕೆಟ್ಟ ಮನುಷ್ಯರಲ್ಲ. ಸರ್ ಅವರ ದೊಡ್ಡ ಫೋಟೋ ಒಂದನ್ನು ಲ್ಯಾಬಿನ ಗೋಡೆಗೆ ಹಾಕಿಸುತ್ತೇವೆ ಎಂದರು. ಫೋಟೋದ ಕೆಳಗೆ ಏನಿರುತ್ತದೆ ಎಂದು ಕೇಳಿದೆ. ಕಂಪ್ಯೂಟರು ಎಂದರು. ಗುಜರಿಯವರು ಬರುವ ಮುಂಚೆ ಒಮ್ಮೆ ಸಾಮಾನು ನೋಡಲು ಬಿಡಿ ಎಂದೆ.

“ನೀವು ರಿಟೈರ್ ಆಗೀರಿ. ಯಾವ ಅಧಿಕಾರದ ಮ್ಯಾಲ ನೋಡ್ತೀರಿ?”

“ಅಧಿಕಾರ ಇಲ್ರಿ. ಅದರಾಗ ಯಾವುದು ಕೆಟ್ಟಿಲ್ಲ ಅನ್ನೂದು ಗೊತ್ತದ. ಹತ್ತು ದಿವಸ ಕೊಡ್ರಿ. ಹನ್ನೊಂದನೇ ದಿನ ನಿಮಗ ತೋರಸ್ತೇನಿ. ಬ್ಯಾಡ ಅನಸಿದ್ರ ನಾನ ನಿಂತು ಲಾರಿಗೆ ಹೇರಸ್ತೇನಿ.”

ಹತ್ತು ದಿನ ಕೊಟ್ಟರು. ಈಗ ನನ್ನ ಜಾಗದಲ್ಲಿರುವವಳು ಸುನಂದಾ, ಗುತ್ತಿಗೆಯ ಮೇಲೆ ಸೇರಿದವಳು. ಕಪಾಟು ತೆರೆದಾಗ ಅವಳಿಗೆ ಅರ್ಧ ಉಪಕರಣಗಳ ಹೆಸರೂ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ, ಯಾರೂ ತೆಗೆಸಿರಲಿಲ್ಲ. ಇಬ್ಬರೂ ಒಂದೊಂದೇ ಇಳಿಸಿದೆವು. ಜಿರಳೆ ಮೊಟ್ಟೆ, ತುಕ್ಕು, ಇಲಿ ಕಡಿದ ರಬ್ಬರು. ತೀರಾ ಹೋದದ್ದನ್ನು ನಾನೇ ಬೇರೆ ಇಟ್ಟೆ. ಹಳೆಯ ಸಾಮಾನಿನ ಮೇಲೆ ನನಗೆ ಮೋಹವಿಲ್ಲ. ಸಣ್ಣ ದೋಷವಿದ್ದದ್ದನ್ನು ಸರಿಮಾಡಿದೆವು. ಏಳನೆಯ ದಿನ ನನ್ನ ಸೊಂಟ ಹಿಡಿಯಿತು. ಎಂಟನೆಯ ದಿನವೂ ಹೋದೆ.

ಹನ್ನೊಂದನೆಯ ದಿನ ಪ್ರಿನ್ಸಿಪಾಲರು ಬಂದರು. ಜೊತೆಗೆ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿದೆ. ಅದರ ಮುಂದೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ದೂರದರ್ಶಕದ ಉಪಕರಣ. ದೀಪ ಗುಲಾಬಿ ಬಣ್ಣಕ್ಕೆ ಹೊತ್ತಿತು.

“ಹಳದಿ ಅಂದಿದ್ರಿ,” ಪ್ರಿನ್ಸಿಪಾಲರು ಗಡಿಯಾರ ನೋಡಿದರು. “ಇದು ಕೆಟ್ಟೈತೇನು?”

“ಇಲ್ರಿ ಸರ. ಒಳಗಿನ ಸೋಡಿಯಂ ಕಾಯಬೇಕು. ಅದೂ ಕಾಯಬೇಕು, ನಾವೂ ಕಾಯಬೇಕು.”

ಹುಡುಗರು ನಕ್ಕರು. ಐದು ನಿಮಿಷವಾಯಿತು. ಪ್ರಿನ್ಸಿಪಾಲರು ಮೊಬೈಲು ತೆಗೆದರು. ಆಮೇಲೆ ಗುಲಾಬಿಯ ನಡುವಿನಿಂದ ಹಳದಿ ಮೆಲ್ಲಗೆ ಹಬ್ಬತೊಡಗಿತು. ಕೋಣೆ ತುಂಬ ಹಳದಿ. ಒಬ್ಬ ಹುಡುಗಿ ಚೀರಿದಳು: “ನನ್ನ ಕೆಂಪು ಓಡ್ನಿ ಕರ್ರಗಾತು!” ಎಲ್ಲರೂ ಒಬ್ಬರ ಅಂಗಿ ಒಬ್ಬರು ನೋಡಿದರು. ನೀಲಿ ಇಲ್ಲ, ಹಸಿರು ಇಲ್ಲ, ಎಲ್ಲ ಬೂದಿ. ಯಾಕೆ ಹೀಗೆ ಎಂದು ಕೇಳಿದವರೇ ಮೂವರು. ಅದಕ್ಕೆ ಸುನಂದಾ ಉತ್ತರ ಹೇಳಿದಳು. ಅವಳ ದನಿ ಮೊದಲು ಸಣ್ಣಗಿತ್ತು, ಆಮೇಲೆ ಗಟ್ಟಿಯಾಯಿತು.

ಪ್ರಿನ್ಸಿಪಾಲರು ದೂರದರ್ಶಕಕ್ಕೆ ಕಣ್ಣು ಹಚ್ಚಿದರು.

“ಒಂದು ಗೆರಿ ಕಾಣತೈತಿ.”

“ಎರಡು ಅದಾವ್ರಿ. ನಿಮ್ಮ ಕಣ್ಣಿಗೆ ಹೊಂದಸ್ತೇನಿ, ತಡೀರಿ.” ಗುಂಡಿ ಕೂದಲಷ್ಟು ತಿರುಗಿಸಿದೆ.

ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. “ಹೌದ್ರಿ, ಎರಡು,” ಅಂದರು. ಹಿಂದೆ ನಿಂತ ಹುಡುಗರು ಸಾಲು ಕಟ್ಟಿದ್ದರು. ಪ್ರಿನ್ಸಿಪಾಲರು ಸರಿದು ನಿಂತರು, ಸಾಲು ಮುಗಿದ ಮೇಲೆ ಮತ್ತೊಮ್ಮೆ ಬಂದು ನೋಡಿದರು.

ಕಂಪ್ಯೂಟರುಗಳು ಪಕ್ಕದ ಕೋಣೆಗೆ ಬಂದವು. ಲ್ಯಾಬು ಉಳಿಯಿತು. ಅರ್ಧಕ್ಕಿಂತ ಕಡಿಮೆ ಸಾಮಾನು ಗುಜರಿಗೆ ಹೋಯಿತು. ಮಾತು ಕೊಟ್ಟಂತೆ ನಾನೇ ನಿಂತು ಹೇರಿಸಿದೆ. ಉಳಿದದ್ದನ್ನು ನೋಡಿಕೊಳ್ಳುವವರು ಯಾರು ಎಂದು ಪ್ರಿನ್ಸಿಪಾಲರು ಕೇಳಿದರು. ಸುನಂದಾ ಕಲಿಯುವವರೆಗೆ ಮಂಗಳವಾರ, ಶುಕ್ರವಾರ ಬರುತ್ತೇನೆ ಎಂದೆ. ಎಷ್ಟು ದಿನ ಹೀಗೆ ಹುಬ್ಬಳ್ಳಿ ಧಾರವಾಡ ತಿರುಗುತ್ತೀ ಎಂದು ಮಗ ಕೇಳಿದ. ಕೋನ ಅಳೆಯುವ ವರ್ನಿಯರ್ ಪಟ್ಟಿಯ ಸಣ್ಣ ಗೆರೆಯನ್ನು ನನ್ನ ಕಣ್ಣು ಓದುವಷ್ಟು ದಿನ ಎಂದೆ.

ಕಳೆದ ಶುಕ್ರವಾರ ಸುನಂದಾ ಮತ್ತು ನಾನು ದೂರದರ್ಶಕದ ಅದೇ ಉಪಕರಣದ ಮೇಲೆ ಒಂದೇ ಕೋನವನ್ನು ಓದಿದೆವು. ಅವಳದಕ್ಕೂ ನನ್ನದಕ್ಕೂ ಎರಡು ಗೆರೆಯ ವ್ಯತ್ಯಾಸ ಬಂತು. ನನ್ನ ಕಣ್ಣಿಗೆ ಪೊರೆ ಬರುತ್ತಿದೆಯೋ, ಅವಳ ಕಣ್ಣು ಇನ್ನೂ ಪಳಗಿಲ್ಲವೋ, ತಿಳಿಯಲಿಲ್ಲ.

“ಯಾವುದು ಬರೀಲ್ರಿ ಅಕ್ಕಾರ?” ಅಂದಳು.

ಎರಡನ್ನೂ ಬರೆಸಿದೆ, ಪಕ್ಕದಲ್ಲಿ ಇಬ್ಬರ ಹೆಸರೂ ಹಾಕಿಸಿ.